ಪರದೆಯ ಹಿಂದೆ ದೊರೆ ಕೆಮ್ಮಿದರು

ನಾಗುರಾ ಮನೆತನದ ದೊರೆ ತದಮೊರಿ ತೀರಿಕೊಂಡಿದ್ದಾರೆಂಬುದು ಎದೋ ಪಟ್ಟಣದ ಅವರ ಬಿಡದಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹಾಗೆಂದು ಹೇಳುವುದಕ್ಕೆ ಮಾತ್ರ ಯಾರಿಗೂ ಅಪ್ಪಣೆ ಇರಲಿಲ್ಲ. ಅಳುವುದಕ್ಕೂ ಇರಲಿಲ್ಲ. ದೊರೆಸಾನಿ ಹಿಸಾ ಅವರಿಗೆ ದುಃಖ ತಡೆಯಲಾಗದಾಗಲೆಲ್ಲ ದಾಸಿಯರು ಸಾಸಿವೆ ಅರೆಯುವ ಒರಳನ್ನು ತಂದು ಅವರ ಮುಂದಿಡುತ್ತಿದ್ದರು. ಯಾರಾದರೂ ಕೇಳಿದರೆ ಸಾಸಿವೆಯ ಘಾಟು ಕಣ್ಣಿಗೆ ಹೊಡೆಯಿತು ಅನ್ನಬಹುದು. ಆ ವಾರ ಅಲ್ಲಿ ಅರೆದ ಸಾಸಿವೆಯನ್ನು ಇಡೀ ಬೀದಿಗೆ ಹಂಚಿದರೂ ಮಿಗುತ್ತಿತ್ತು.

ಇಷ್ಟೆಲ್ಲ ಯಾಕೆಂದರೆ ದೊರೆಗೆ ಮಕ್ಕಳಿರಲಿಲ್ಲ. ಮಕ್ಕಳಿಲ್ಲದ ದೊರೆ ಬದುಕಿದ್ದಾಗಲೇ ಯಾರನ್ನಾದರೂ ದತ್ತು ತೆಗೆದುಕೊಳ್ಳಬೇಕು. ನಾಡನ್ನಾಳುವ ಷೋಗನ್ನರ ಕಡೆಯ ತನಿಖೆ ಅಧಿಕಾರಿ ಮನೆಗೆ ಬಂದು, ಹೌದು, ದೊರೆ ಉಸಿರಾಡುತ್ತಿದ್ದಾರೆ, ನನ್ನೆದುರಿಗೇ ಮುದ್ರೆ ಒತ್ತಿದರು ಎಂದು ಬರೆದುಕೊಡಬೇಕು. ಅದಕ್ಕೆ ಮೊದಲೇ ದೊರೆ ಕಣ್ಣು ಮುಚ್ಚಿದರೆ ಮನೆತನ ಅಲ್ಲಿಗೆ ಮುಗಿಯಿತು. ಊರಿನ ಕೋಟೆ ಹೋಯಿತು, ಎದೋದ ಈ ಬಿಡದಿ ಹೋಯಿತು, ಗೋಡೆಗುಂಟ ಸಾಲಾಗಿ ಕಟ್ಟಿದ ಕೋಣೆಗಳಲ್ಲಿ ಸಂಸಾರ ಹೂಡಿದ್ದ ಭಟರು, ಅಡುಗೆಯವರು, ಪಲ್ಲಕ್ಕಿ ಹೊರುವವರು ಎಲ್ಲರೂ ಉಟ್ಟ ಬಟ್ಟೆಯಲ್ಲಿ ಬೀದಿಗೆ ಬೀಳಬೇಕು. ಸತ್ತವರಿಗೇನು, ಮಲಗಿಬಿಟ್ಟರು. ಉಳಿದವರ ಪಾಡು ಹೇಳತೀರದು.

ಆದ್ದರಿಂದ ದಿವಾನರಾದ ಒನೊಗಿ ಗೆಂಬಾ ಅವರು, ದೊರೆಗಳಿಗೆ ಮೈಯಲ್ಲಿ ಹುಷಾರಿಲ್ಲ, ತಮ್ಮನ ಮಗ ಯಸೊಜಿಯನ್ನು ದತ್ತು ತೆಗೆದುಕೊಳ್ಳಲು ಬಯಸಿದ್ದಾರೆ ಎಂದು ಮೇಲಕ್ಕೆ ಹೇಳಿಕಳಿಸಿದರು. ಯಸೊಜಿಗೆ ಇದ್ದ ದೊಡ್ಡ ಗುಣವೆಂದರೆ ಅವನು ಬದುಕಿದ್ದ. ಸದ್ಯಕ್ಕೆ ಅಷ್ಟು ಸಾಕಿತ್ತು.

ಇದೇನು ಹೊಸ ನಾಟಕವಲ್ಲ. ಆ ಬೀದಿಯ ಎಷ್ಟೋ ದೊಡ್ಡ ಮನೆಗಳು ಹೀಗೆ ಒಂದಲ್ಲ ಒಂದು ಸಲ ದಾಟಿಕೊಂಡಿದ್ದವು. ಅಧಿಕಾರಿ ಬರುವುದು, ಮಡಿಸುವ ಪರದೆಯ ಈಚೆ ಕೂರುವುದು, ಆಚೆಯಿಂದ ಯಾರೋ ಕೆಮ್ಮುವುದು, ಮುದ್ರೆ ಬೀಳುವುದು, ಚಹಾ ಕುಡಿದು ಅಧಿಕಾರಿ ಹೊರಡುವುದು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವಾಗ ನೋಡುವವರೂ ಕಣ್ಣು ಮುಚ್ಚಿಕೊಳ್ಳಬೇಕು. ಎದೋದಲ್ಲಿ ಇದಕ್ಕೆ ಮರ್ಯಾದೆ ಎಂದು ಹೆಸರು. ಬೇಕಾಗಿದ್ದದ್ದು ಕೆಮ್ಮುವುದಕ್ಕೆ ಒಬ್ಬ ಮನುಷ್ಯ. ಗೆಂಬಾ ಅವರ ಕಣ್ಣು ಹೋಗಿ ಕಿಹಾಚಿಯ ಮೇಲೆ ನಿಂತಿತು.

ಕಿಹಾಚಿ ದೊರೆಯ ಊಟದ ರುಚಿ ನೋಡುವವನು. ದೊರೆಯ ಬಾಯಿಗೆ ಹೋಗುವ ಪ್ರತಿಯೊಂದು ತುತ್ತೂ ಮೊದಲು ಇವನ ಬಾಯಿಗೆ ಹೋಗಿ, ಇವನು ಸಾಯಲಿಲ್ಲ ಎಂದು ಖಾತ್ರಿಯಾದ ಮೇಲೆ ಮುಂದಕ್ಕೆ ಹೋಗುತ್ತಿತ್ತು. ಹರೆಯದಲ್ಲಿ ಈ ಕೆಲಸಕ್ಕೆ ಸೇರಿದವನಿಗೆ ಈಗ ತಲೆ ನರೆತಿತ್ತು. ಇಷ್ಟು ವರ್ಷ ಒಂದೇ ಮೀನು, ಒಂದೇ ಸಾರು, ಒಂದೇ ಉಪ್ಪಿನಕಾಯಿ ತಿಂದು ದೊರೆಗೂ ಅವನಿಗೂ ಒಂದೇ ಅಳತೆಯ ಹೊಟ್ಟೆ, ಒಂದೇ ತರಹದ ಕಫ, ಒಂದೇ ತರಹದ ಗೊಗ್ಗರು ದನಿ ಬಂದಿತ್ತು. ಓಣಿಯ ಕೊನೆಯಲ್ಲಿ ಅವನು ಕೆಮ್ಮಿದರೆ ದಾಸಿಯರು ಗಾಬರಿಯಿಂದ ಉಡುಗೆ ಸರಿಮಾಡಿಕೊಳ್ಳುತ್ತಿದ್ದರು.

ದೊರೆಯ ಸಾವಿನ ವಿಚಾರದಲ್ಲೂ ಅವನಿಗೆ ಒಂದು ಸಂಕಟವಿತ್ತು. ಹೊಸ ವರ್ಷದ ಸಾರಿನಲ್ಲಿ ಬೇಯಿಸಿದ ಅಂಟಕ್ಕಿ ಕಡುಬನ್ನು ಅವನೇ ಮೊದಲು ತಿಂದು, ನಿರ್ಭಯವಾಗಿ ತಿನ್ನಬಹುದು ಎಂದು ತಲೆ ಆಡಿಸಿದ್ದ. ಕಡುಬಿನಲ್ಲಿ ವಿಷ ಇರಲಿಲ್ಲ, ನಿಜ. ಅಂಟು ಇತ್ತು. ದೊರೆಗಳು ಇನ್ನೊಂದು ಬೇಕೆಂದು ಆತುರಪಟ್ಟು ಮೊದಲನೆಯದನ್ನು ಅಗಿಯದೆ ನುಂಗಿದರು. ಶತ್ರುಗಳು ಮಾಡದ್ದನ್ನು ಒಂದು ಕಡುಬು ಮಾಡಿತು. ಯಾರೂ ಕಿಹಾಚಿಯನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತು.

ದಿವಾನರು ಕಿಹಾಚಿಯನ್ನು ಕರೆಸಿ ವಿಷಯ ಹೇಳಿದರು.

"ನನ್ ಕೈಲಾಗಲ್ಲ, ದಿವಾನ್ರೇ. ನಾನು ತಿನ್ನೋನು, ಮಾತಾಡೋನಲ್ಲ."

"ಮಾತು ಯಾರಿಗಯ್ಯಾ ಬೇಕು? ಕೆಮ್ಮು. ಯಸೊಜಿ ಹೆಸರು ಬಂದಾಗ ಹೂಂ ಅನ್ನು. ಆಮೇಲೆ ನರಳ್ತಾ ಬಿದ್ಕೊ. ದೊರೆಗಳು ಬದುಕಿದ್ದಾಗ್ಲೂ ದರ್ಬಾರಲ್ಲಿ ಅಷ್ಟೇ ಮಾಡ್ತಿದ್ದಿದ್ದು."

ಹೀಗೆ ತಾಲೀಮು ಶುರುವಾಯಿತು. ಗೆಂಬಾ ಅವರ ಬೀಸಣಿಗೆ ಬಿಚ್ಚಿದರೆ ಕೆಮ್ಮು, ಮಡಚಿದರೆ ಹೂಂ. ಕಿಹಾಚಿ ಮೊದಲ ಸಲ ಎಷ್ಟು ಚೆನ್ನಾಗಿ ಕೆಮ್ಮಿದನೆಂದರೆ ಪಕ್ಕದ ಕೋಣೆಯಲ್ಲಿ ದೊರೆಸಾನಿಯವರು ಮತ್ತೆ ಒರಳು ತರಿಸಿದರು.

ಅತ್ತ ಬಿಡದಿಯ ತುಂಬ ಎಲ್ಲರೂ ಬದುಕಿರುವ ದೊರೆಯ ಸೇವೆ ಮಾಡುತ್ತಿದ್ದರು. ದೊರೆಗಳ ಪಾಲಿನ ಮೀನು ತರುವುದು ನಿಂತರೆ ಮೀನಿನವನು ಸುದ್ದಿಯನ್ನು ಊರೆಲ್ಲ ಹಬ್ಬಿಸುತ್ತಾನೆಂದು ಅಡುಗೆಮನೆಯಿಂದ ಮೂರು ಹೊತ್ತೂ ತಟ್ಟೆ ಬರುತ್ತಿತ್ತು. ರುಚಿ ನೋಡುವುದೂ ಕಿಹಾಚಿಯೇ, ಉಣ್ಣುವುದೂ ಅವನೇ. ದುಃಖದಲ್ಲಿ ತುತ್ತು ಇಳಿಯದಿದ್ದರೂ ಮನೆತನದ ಮಾನ ಕಾಯಲು ತಟ್ಟೆ ಬರಿದು ಮಾಡುತ್ತಿದ್ದ. ಹೆಬ್ಬಾಗಿಲ ಕಾವಲಿನವರಿಗೆ ನಗುಮುಖದಿಂದಿರಬೇಕೆಂದು ಆಜ್ಞೆಯಾಗಿತ್ತು. ಹುಟ್ಟಿದಾಗಿನಿಂದ ನಗದ ಆ ಭಟರು ಹಲ್ಲು ಕಿರಿದುಕೊಂಡು ನಿಂತದ್ದನ್ನು ನೋಡಿದ ನೆರೆಮನೆಯವರು ಹೆದರಿ, ಏನೋ ದೊಡ್ಡ ಅನಾಹುತವೇ ಆಗಿದೆಯೆಂದು ಅಂದೇ ಹಣ್ಣಿನ ಬುಟ್ಟಿ ಕಳಿಸಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದು ಇದಕ್ಕೇ ಇರಬೇಕು.

ಅಧಿಕಾರಿ ಬರುವ ಬೆಳಿಗ್ಗೆ ಸಣ್ಣಗೆ ಹಿಮ ಬೀಳುತ್ತಿತ್ತು. ನಿಜವಾದ ದೊರೆಯನ್ನು ಪಕ್ಕದ ಕೋಣೆಗೆ ಸಾಗಿಸಿ, ತಂಪಿರಲೆಂದು ತೋಟದ ಕಡೆಯ ಬಾಗಿಲು ತೆರೆದಿಟ್ಟಿದ್ದರು. ಕಿಹಾಚಿ ದೊರೆಯ ಹಾಸಿಗೆ ಸೇರಿದ. ಒಡೆಯನ ಹಾಸಿಗೆಯಲ್ಲಿ ಕಾಲು ಚಾಚಲು ಧೈರ್ಯ ಬರಲಿಲ್ಲ. ಮೊಣಕಾಲು ಮಡಚಿಕೊಂಡು, ದಿಂಬಿಗೆ ತಲೆ ತಾಗದಂತೆ ಕತ್ತು ಎತ್ತಿಕೊಂಡು ಮಲಗಿದ. ಅವನ ಮುಂದೆ ಕೊಕ್ಕರೆಗಳ ಚಿತ್ರವಿದ್ದ ಮಡಿಸುಪರದೆಯನ್ನು ನಿಲ್ಲಿಸಿದರು. ಪರದೆಯ ಅಂಚಿನಲ್ಲಿ, ಎರಡೂ ಕಡೆ ಕಾಣುವ ಹಾಗೆ, ಗೆಂಬಾ ಬೀಸಣಿಗೆ ಹಿಡಿದು ಕುಳಿತರು. ವೈದ್ಯರು ಕಷಾಯದ ಬಟ್ಟಲು ಹಿಡಿದು ಇನ್ನೊಂದು ಕಡೆ ಕುಳಿತರು. ಆ ವೈದ್ಯರು ಸತ್ತವರಿಗೆ ವಾರದಿಂದ ಮೂರು ಬಗೆಯ ಔಷಧ ಕೊಟ್ಟು, ಎರಡನೆಯದರಿಂದ ಸ್ವಲ್ಪ ಗುಣ ಕಂಡಿದೆ ಎಂದು ತಮ್ಮಷ್ಟಕ್ಕೆ ತಾವೇ ನಂಬಲು ಶುರುಮಾಡಿದ್ದರು.

ಬಂದ ಅಧಿಕಾರಿಯನ್ನು ನೋಡಿದ್ದೇ ಗೆಂಬಾ ಅವರ ಮುಖದ ಬಣ್ಣ ಇಳಿದುಹೋಯಿತು. ಕಿಹಾಚಿಗೆ ಅದು ಪರದೆಯ ಸಂದಿಯಿಂದ ಚೆನ್ನಾಗಿ ಕಂಡಿತು. ಬಂದಿದ್ದವರು ಹಟಾಯಾ ಶುಝೆನ್. ಇದೇ ಮನೆಯ ಜಗುಲಿಯಲ್ಲಿ ಒಂದು ಕಾಲದಲ್ಲಿ ದೊರೆಯ ಎದುರು ದಿನಗಟ್ಟಲೆ ಚದುರಂಗಕ್ಕೆ ಕೂರುತ್ತಿದ್ದವರು. ಒಂದು ಬೇಸಿಗೆಯಲ್ಲಿ ಆಟದ ನಡುವೆ ಮಣೆ ತಳ್ಳಿ ಎದ್ದುಹೋದವರು ಮತ್ತೆ ಈ ಹೊಸಲು ತುಳಿದಿರಲಿಲ್ಲ. ದೊರೆಯ ಕೆಮ್ಮು, ದನಿ, ಸಿಡುಕು ಮೂರನ್ನೂ ಬಲ್ಲ ಮನುಷ್ಯ. ಬೇರೆ ಯಾವ ಅಧಿಕಾರಿ ಬಂದಿದ್ದರೂ ಒಂದು ಕೆಮ್ಮಿಗೆ ತೃಪ್ತಿಪಟ್ಟು ಹೋಗುತ್ತಿದ್ದ, ಈತ ಹಾಗಲ್ಲ.

ಶುಝೆನ್ ತೆಳ್ಳಗೆ ಎತ್ತರವಾಗಿದ್ದ ಮುದುಕರು. ಬಂದು ಕುಳಿತು, ಚಹಾ ಬೇಡವೆಂದು ಕೈ ಆಡಿಸಿ, ಪರದೆಯ ಕೊಕ್ಕರೆಗಳನ್ನು ಒಂದೊಂದಾಗಿ ನೋಡಿದರು. ಗೆಂಬಾ ಬೀಸಣಿಗೆ ಬಿಚ್ಚಿದರು. ಕಿಹಾಚಿ ಕೆಮ್ಮಿದ. ಹೆದರಿಕೆಯಲ್ಲಿ ಕೆಮ್ಮು ಶುರುವಾದದ್ದು ನಿಲ್ಲಲೇ ಇಲ್ಲ. ಗೆಂಬಾ ಬೀಸಣಿಗೆ ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಕೆಮ್ಮಿನ ನಡುನಡುವೆ ಮೂರು ನಾಲ್ಕು ಹೂಂ ಬಂದು ಬಿದ್ದವು.

"ಜೋರಾಗಿದೆ ಕೆಮ್ಮು," ಎಂದರು ಶುಝೆನ್.

"ಸಾಯೋ ಮುಂಚೆ ಶಕ್ತಿ ಬರುತ್ತೆ, ಸ್ವಾಮಿ. ದೀಪ ಆರೋ ಮುಂಚೆ ಉರಿದ ಹಾಗೆ," ಎಂದರು ವೈದ್ಯರು.

ನಂತರ ಮುದ್ರೆ. ದೊರೆಗಳಿಗೆ ನಿತ್ರಾಣ, ತಾವೇ ಒತ್ತಿಸುವುದಾಗಿ ಗೆಂಬಾ ಹೇಳಿದರು. ಕೈಯನ್ನಾದರೂ ನೋಡೋಣ ಎಂದರು ಶುಝೆನ್. ಕಿಹಾಚಿ ಪರದೆಯ ಪಕ್ಕದಿಂದ ಕೈ ಹೊರಗೆ ಹಾಕಿದ. ಸಾಯುತ್ತಿರುವವರ ಕೈ ಒಣಗಿರಬೇಕು, ನಡುಗಬೇಕು. ವಾರವಿಡೀ ಇಬ್ಬರ ಊಟ ಉಂಡ ಆ ಕೈ ದುಂಡಗೆ, ಕೆಂಪಗೆ, ಬೆಚ್ಚಗೆ ಇತ್ತು. ಹೆಬ್ಬೆರಳಿಗೆ ಬೆಳಗಿನ ಸೋಯಾ ಸಾರು ಅಂಟಿಕೊಂಡಿತ್ತು. ಶುಝೆನ್ ಬಾಗಿ ಅದನ್ನು ಬಹಳ ಹೊತ್ತು ನೋಡಿದರು.

"ಕೈ ತುಂಬ್ಕೊಂಡಿದೆ."

"ಬಾವು," ಎಂದರು ವೈದ್ಯರು. ಅವರ ಮುಖದ ಮೇಲೆ ಒಂದು ಗೆರೆಯೂ ಅಲುಗಲಿಲ್ಲ. ಇಂಥವರಿಂದಲೇ ವೈದ್ಯಶಾಸ್ತ್ರ ಉಳಿದಿರುವುದು.

ಮುದ್ರೆ ಬಿತ್ತು. ಯಸೊಜಿಯ ಹೆಸರು ಓದಿ ಹೇಳಿದಾಗ ಹೂಂ ಎಂಬುದೂ ಸರಿಯಾದ ಜಾಗದಲ್ಲಿ ಬಂತು. ಇನ್ನು ಶುಝೆನ್ ತಮ್ಮ ಸಾಕ್ಷಿ ಬರೆಯುವುದೊಂದೇ ಬಾಕಿ. ಅವರು ಕುಂಚವನ್ನು ಮಸಿಯಲ್ಲಿ ಅದ್ದಿದರು. ಅದ್ದಿ, ಬರೆಯದೆ, ಕುಂಚವನ್ನು ಪಕ್ಕಕ್ಕಿಟ್ಟರು. ಮಂಡಿಯ ಮೇಲೆಯೇ ಒಂದಿಷ್ಟು ಮುಂದಕ್ಕೆ ಜರುಗಿ ಪರದೆಗೆ ತೀರ ಹತ್ತಿರ ಕುಳಿತರು. ಅವರ ಉಸಿರಿಗೆ ಕಾಗದದ ಕೊಕ್ಕರೆ ಅಲುಗಿದ್ದು ಕಿಹಾಚಿಗೆ ಈಚೆಯಿಂದ ಕಂಡಿತು.

"ಸರ್ಕಾರದ ಕೆಲ್ಸ ಆಯ್ತು, ತದಮೊರಿ. ಇನ್ನು ನನ್ದೊಂದಿದೆ. ಇದಕ್ಕೆ ಉತ್ರ ಕೊಡು, ಆಮೇಲೆ ಬರೀತೀನಿ ನೀನು ಬದುಕಿದ್ದೀಯ ಅಂತ."

ಗೆಂಬಾ ಅವರ ಬೀಸಣಿಗೆ ಅರ್ಧ ಬಿಚ್ಚಿ ಅಲ್ಲೇ ನಿಂತಿತು. ಅರ್ಧಕ್ಕೆ ಏನು ಮಾಡಬೇಕೆಂದು ತಾಲೀಮಿನಲ್ಲಿ ಹೇಳಿಕೊಟ್ಟಿರಲಿಲ್ಲ.

"ಆ ದಿನ ನಾನು ಗೆಲ್ಲೋದ್ರಲ್ಲಿದ್ದೆ. ನೀನು, ಕೊಳದಲ್ಲಿ ದೊಡ್ಡ ಮೀನು ಬಂದಿದೆ ನೋಡು ಅಂದೆ. ನಾನೂ ದಡ್ಡನ ಹಾಗೆ ತಿರುಗಿ ನೋಡ್ದೆ. ಮೀನೂ ಇಲ್ಲ, ಮಣ್ಣೂ ಇಲ್ಲ. ಈ ಕಡೆ ತಿರುಗೋದ್ರೊಳಗೆ ನಿನ್ನ ಕುದುರೆ ಬೇರೆ ಮನೇಲಿತ್ತು. ಸರಿಸಿದ್ಯೋ ಇಲ್ವೋ? ಅಷ್ಟು ಹೇಳ್ಬಿಡು. ಇಷ್ಟು ವರ್ಷ ನನಗೆ ನಿದ್ದೆ ಇಲ್ಲ ಕಣೋ."



ಸರಿಸಿದ್ದರು. ಕಿಹಾಚಿಗೆ ಅದು ಗೊತ್ತಿತ್ತು. ಅವತ್ತು ಸಿಹಿ ಉಂಡೆಗಳ ತಟ್ಟೆ ಹಿಡಿದು ಜಗುಲಿಯ ಮೂಲೆಯಲ್ಲಿ ಅವನೇ ಕುಳಿತಿದ್ದ. ದೊರೆಯ ಅಂಗಿಯ ತೋಳಿನ ಅಂಚು ಮಣೆಯ ಮೇಲೆ ಹಗುರಾಗಿ ಹಾದುಹೋದದ್ದನ್ನು, ಅದರ ಕೆಳಗೆ ಕುದುರೆ ಒಂದು ಮನೆ ಜರುಗಿದ್ದನ್ನು ಕಣ್ಣಾರೆ ಕಂಡಿದ್ದ. ಶುಝೆನ್ ಎದ್ದುಹೋದ ಮೇಲೆ ದೊರೆ ಕತ್ತಲಾಗುವವರೆಗೂ ಆ ಮಣೆಯ ಮುಂದೆಯೇ ಕುಳಿತಿದ್ದರು. ಮುಟ್ಟಿದ ಉಂಡೆಯನ್ನು ತಿನ್ನದೆ ಕೆಳಗಿಟ್ಟಿದ್ದರು. ಕಿಹಾಚಿಯ ಇಡೀ ನೌಕರಿಯಲ್ಲಿ ಹಾಗಾದದ್ದು ಅದೊಂದೇ ಸಲ. ಆಮೇಲೆ ಹಬ್ಬ ಹುಣ್ಣಿಮೆ ಬಂದರೆ, ಆ ಮುಂಗೋಪಿ ಬಂದರೂ ಬರಬಹುದು, ಮಣೆ ಒರೆಸಿಡಿ ಎನ್ನುತ್ತಿದ್ದರು. ಒಂದು ಮಾತು ಹೇಳಿಕಳಿಸಿದ್ದರೆ ಆತ ಓಡಿ ಬರುತ್ತಿದ್ದರು. ದೊರೆ ಹೇಳಿಕಳಿಸಲಿಲ್ಲ. ತಪ್ಪು ಒಪ್ಪಿಕೊಳ್ಳುವ ಅಭ್ಯಾಸ ಆ ಮನೆತನದಲ್ಲಿ ಯಾರಿಗೂ ಇರಲಿಲ್ಲ, ಅದನ್ನು ಕಲಿಸುವ ಗುರುವನ್ನೂ ಯಾರೂ ನೇಮಿಸಿರಲಿಲ್ಲ.

ಪರದೆಯ ಅಂಚಿನಲ್ಲಿ ಗೆಂಬಾ ಬೀಸಣಿಗೆಯ ಆಸೆ ಬಿಟ್ಟು ಮೈಯಿಂದಲೇ ಮಾತಾಡತೊಡಗಿದ್ದರು. ಎರಡೂ ಕೈ ಜೋಡಿಸಿ ತೋರಿಸಿದರು. ಕಿವಿ ಹಿಡಿದು ತೋರಿಸಿದರು. ಕೊನೆಗೆ ಹಣೆಯನ್ನು ಚಾಪೆಗೆ ಒತ್ತಿ, ಓರೆಗಣ್ಣಲ್ಲೇ ಬೇಡಿಕೊಂಡರು: ತಪ್ಪಾಯ್ತು ಅನ್ನು, ಮಾರಾಯ, ತಪ್ಪಾಯ್ತು ಅಂತ ಅಂದುಬಿಡು.

ಕಿಹಾಚಿಗೂ ಅದೇ ಸರಿ ಅನ್ನಿಸಿತು. ಒಂದು ಮಾತಿಗೆ ಇಡೀ ಮನೆ ಉಳಿಯುತ್ತದೆ. ಈ ಮುದುಕರಿಗೂ ನಿದ್ದೆ ಬರುತ್ತದೆ. ದೊರೆಗೆ ಆಗದೆ ಹೋದ ಕೆಲಸವನ್ನು ತಾನಾದರೂ ಅವರ ಪರವಾಗಿ ಮಾಡಿದರೆ ಪುಣ್ಯವೇ ಬರುತ್ತದೆ. ಅವನು ಗಂಟಲು ಸರಿಮಾಡಿಕೊಂಡ. ತಪ್ಪಾಯಿತು ಎಂಬ ಮಾತು ನಾಲಿಗೆಯ ತುದಿಗೆ ಬಂದು ಕುಳಿತಿತ್ತು. ಬಾಯಿ ತೆರೆದ.

"ಕುದುರೆ ಅಲ್ಲೇ ಇತ್ತು," ಎಂಬ ದನಿ ಕೇಳಿತು. "ನಿನಗೆ ಕಣ್ಣು ಕಾಣಲ್ಲ."

ಕಿಹಾಚಿ ಬೆಚ್ಚಿಬಿದ್ದ. ದನಿ ಅವನದೇ ಬಾಯಿಂದ ಬಂದಿತ್ತು, ಆದರೆ ಆ ಸಿಡುಕು ಅವನದಾಗಿರಲಿಲ್ಲ. ತನ್ನ ಜನ್ಮದಲ್ಲಿ ಅವನು ಯಾರಿಗೂ ಕಣ್ಣು ಕಾಣುವುದಿಲ್ಲ ಎಂದವನಲ್ಲ. ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು, ನಿಲ್ಲಲಿಲ್ಲ.

"ಸೋತೋನು ಎದ್ ಹೋಗ್ತಾನೆ. ಹೋದೆ. ಈಗ ಬಂದು ಕಾಯಿಲೆ ಮನುಷ್ಯನ ಹತ್ರ ಜಗಳ ಆಡ್ತೀಯ. ನಾಚ್ಕೆ ಆಗಲ್ವಾ?"

ಗೆಂಬಾ ಹಣೆಯನ್ನು ಚಾಪೆಯಿಂದ ಎತ್ತಲೇ ಇಲ್ಲ; ಎತ್ತುವುದರಲ್ಲಿ ಇನ್ನೇನೂ ಅರ್ಥವಿಲ್ಲವೆಂದು ತೋರಿತು. ವೈದ್ಯರು ಕಷಾಯವನ್ನು ತಾವೇ ಕುಡಿದುಬಿಟ್ಟರು. ಕಿಹಾಚಿ ಹಾಸಿಗೆಯಲ್ಲಿ ಕಣ್ಣು ಮುಚ್ಚಿ, ಪರದೆ ಮಡಚುವ ಸದ್ದಿಗೆ ಕಾದ. ಬೀದಿಗೆ ಬೀಳುವ ಪ್ರತಿಯೊಂದು ಮುಖವೂ ಅವನ ಮುಂದೆ ಬಂದುಹೋಯಿತು: ಅಡುಗೆಯವರು, ಹಲ್ಲು ಕಿರಿಯುವ ಕಾವಲಿನವರು, ದೊರೆಸಾನಿ, ಅವನ ಸ್ವಂತ ಹೆಂಡತಿ. ಮೊದಲು ಕಡುಬು, ಈಗ ಇದು. ಒಂದೇ ವಾರದಲ್ಲಿ ಒಂದು ಮನೆತನವನ್ನು ಎರಡು ಸಲ ಕೊಂದವನು ತಾನೊಬ್ಬನೇ ಇರಬೇಕು ಅಂದುಕೊಂಡ.

ಪರದೆ ಮಡಚಲಿಲ್ಲ. ಆಚೆಯಿಂದ ಏನೋ ಗೊರಗೊರ ಸದ್ದು ಕೇಳಿಸಿತು. ಸಂದಿಯಿಂದ ಇಣುಕಿದರೆ ಶುಝೆನ್ ಅವರ ಹೆಗಲು ಕುಣಿಯುತ್ತಿತ್ತು. ಅವರು ನಗುತ್ತಿದ್ದರು. ನಗುತ್ತಾ ನಗುತ್ತಾ ಅದು ಬೇರೆ ಏನೋ ಆಗಿ, ತೋಳಿನಿಂದ ಮೂಗು ಒರೆಸಿಕೊಂಡರು.

"ಇದ್ದಾನೆ," ಎಂದು ಬಗ್ಗಿಕೊಂಡೇ ಇದ್ದ ಗೆಂಬಾ ಅವರ ಬೆನ್ನಿಗೆ ಹೇಳಿದರು. "ನನಗೆ ಬೇರೆ ಏನೋ ಸುದ್ದಿ ಬಂದಿತ್ತು. ಅವನೇನಾದ್ರೂ ತಪ್ಪಾಯ್ತು ಅಂದಿದ್ರೆ ಈ ಪರದೇನ ಕಿತ್ತು ಎಸೀತಿದ್ದೆ. ಇಷ್ಟು ಭಂಡತನ ಜಗತ್ತಲ್ಲಿ ಇನ್ನೊಬ್ರಿಗೆ ಬರಲ್ಲ. ಬದುಕಿದ್ದಾನೆ."

ಕುಂಚ ಎತ್ತಿಕೊಂಡು ದೊಡ್ಡ ದೊಡ್ಡ ಅಕ್ಷರದಲ್ಲಿ ಹಾಗೆಯೇ ಬರೆದರು. ಮಸಿ ಒಣಗುವವರೆಗೂ ಊದಿದರು. ಆಮೇಲೆ ಎದ್ದು, ಬಾಗಿಲವರೆಗೆ ಹೋಗಿ, ಹಿಂದಿರುಗಿ ಬಂದರು. ಪರದೆಯ ಎದುರು ಕುಳಿತು, ಅಧಿಕಾರಿ ದೊರೆಗೆ ಬಾಗುವುದಕ್ಕಿಂತ ತುಂಬಾ ಆಳವಾಗಿ ತಲೆ ಬಾಗಿಸಿದರು. ಅದು ಯಾರಿಗೆ ಎಂದು ಕಿಹಾಚಿಗೆ ತಿಳಿಯಲಿಲ್ಲ. ಹಾಸಿಗೆಯಲ್ಲೇ ಎದ್ದು ಕುಳಿತು ತಾನೂ ಬಾಗಿದ. ಸಾಯುತ್ತಿರುವವರು ಹಾಗೆ ಎದ್ದು ಕೂರಬಾರದೆಂಬುದು ಆಮೇಲೆ ನೆನಪಾಯಿತು.

"ದೊರೆಗಳು ಯಾವತ್ತು ಹೋಗ್ಬೇಕು ಅಂತಿದ್ದಾರೋ ಅವತ್ತು ನಿಧಾನವಾಗಿ ಹೋಗ್ಲಿ, ದಿವಾನ್ರೇ," ಎಂದರು ಶುಝೆನ್ ಬಾಗಿಲಲ್ಲಿ ಜೋಡು ಮೆಟ್ಟುತ್ತಾ. "ಇವತ್ತು ಮಾತ್ರ ಬೇಡ. ನಾನು ಬಂದು ಜಗಳ ಆಡಿದ್ದಕ್ಕೇ ಸತ್ರು ಅಂತಾರೆ."

ಪಲ್ಲಕ್ಕಿ ಹೆಬ್ಬಾಗಿಲು ದಾಟಿದ ಮೇಲೆ ಗೆಂಬಾ ಪರದೆಯನ್ನು ಸುತ್ತಿಬಂದು ಕಿಹಾಚಿಯ ಮುಂದೆ ನಿಂತರು. ಅವರ ಹಣೆಯ ಮೇಲೆ ಚಾಪೆಯ ಅಚ್ಚು ಕೆಂಪಗೆ ಮೂಡಿತ್ತು. ಉಳಿದುಕೊಂಡ ಸಂತೋಷಕ್ಕಿಂತ ಪಟ್ಟ ಭಯವೇ ಅವರಲ್ಲಿ ಇನ್ನೂ ಹೆಚ್ಚಿತ್ತು.

"ನೆಲಕ್ಕೆ ಹಣೆ ಹಚ್ಚಿ ಬೇಡ್ಕೊಂಡ್ನಲ್ಲಯ್ಯಾ, ತಪ್ಪಾಯ್ತು ಅನ್ನು ಅಂತ. ಅನ್ನೋಕೆ ನಿನಗೇನಾಗಿತ್ತು?"

ಕಿಹಾಚಿ ಹಾಸಿಗೆಯಿಂದ ಇಳಿದು, ಅದರ ಸುಕ್ಕುಗಳನ್ನು ಕೈಯಿಂದ ತೀಡಿ ಸರಿಮಾಡಿದ. ಈಗ ಹೊರಟದ್ದು ಅವನದೇ ಬಡ ದನಿ.

"ಅನ್ನೋಕೇ ಬಾಯಿ ತೆರೆದಿದ್ದು, ದಿವಾನ್ರೇ. ದೊರೆಗಳು ಒಪ್ಲಿಲ್ಲ."

ಗೆಂಬಾ ದೊರೆ ಮಲಗಿದ್ದ ಪಕ್ಕದ ಕೋಣೆಯ ಬಾಗಿಲ ಕಡೆ ತಿರುಗಿ ಕೈಯೂರಿ ತಲೆ ಬಾಗಿಸಿದರು. ಕಿಹಾಚಿಯೂ ಅವರ ಹಿಂದೆ ಬಾಗಿದ. ಅಪ್ಪಣೆ ಇನ್ನೂ ಆಗಿರಲಿಲ್ಲ. ಆದರೂ ಇಬ್ಬರೂ ದನಿ ತೆಗೆದು ಅತ್ತರು.